ಟಾಕಿಯ ಬೂಚು

ಇಳಕಲ್ಲಿನ ನಮ್ಮ ಮನೆ ಮುಂದೆ, ಬೇವಿನ ಗಿಡದ ನೆರಳಿನಲ್ಲಿ ಒಂದು ಹಳೆಯ ಪಿಕಪ್ ಗಾಡಿ ನಿಂತಿರುತ್ತದೆ. ಹುಟ್ಟಿನಿಂದ ಅದು ಜೀಪು. ಮಹೀಂದ್ರದವರು 1949ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಸುರು ಮಾಡಿದರಲ್ಲ, ಆ ವಂಶದ್ದು. ಹರಿಕೇನ್ ಎಂಬ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಆ ಎತ್ತರದ ಎಂಜಿನ್ ಹಿಡಿಸಲೆಂದೇ ಎತ್ತರಿಸಿದ ಬಾನೆಟ್ಟು. ನಮ್ಮ ತಂದೆ ನೂಲಿನ ವ್ಯಾಪಾರದವರು. ಗಾಡಿಯನ್ನು ಎರಡನೆಯ ಕೈಯಿಂದ ಕೊಂಡು, ಹಿಂದಿನ ಅರ್ಧ ಬಿಚ್ಚಿಸಿ, ತಗಡಿನ ತೊಟ್ಟಿ ಕೂಡಿಸಿದರು. ಹತ್ತಿಯ ನೂಲು, ಸೆರಗಿನ ಕೆಂಪು ರೇಷ್ಮೆ, ಚಮಕಾ ಅನ್ನುವ ಕೃತಕ ರೇಷ್ಮೆಯ ಗಂಟು ಇವನ್ನೆಲ್ಲ ಅದರಲ್ಲಿ ಹೇರಿಕೊಂಡು ಹುನಗುಂದ, ಅಮೀನಗಡ, ಗುಳೇದಗುಡ್ಡ ಎಂದು ನೇಕಾರರ ಊರೂರು ತಿರುಗಿದರು.

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಆ ಗಾಡಿಯ ಒಂದೇ ಒಂದು ಸಾಮಾನಿನ ಬಗ್ಗೆ. ಪೆಟ್ರೋಲ್ ಟಾಕಿಯ ಬೂಚು. ಪೇಟೆಯವರು ಫ್ಯೂಯೆಲ್ ಕ್ಯಾಪ್ ಅಂತಾರೆ, ಕೆಲವರು ಮುಚ್ಚಳ ಅಂತಾರೆ. ನಮ್ಮ ಕಡೆ ಅದು ಬೂಚು. ಅಂಗೈಯಲ್ಲಿ ಹಿಡಿಸುವಷ್ಟೇ ವಸ್ತು. ಅದರ ಬಗ್ಗೆ ತಿಳಿಯಲು ನನಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಮೂಲ ಬೂಚು ಕಳೆದದ್ದು ಮುಳುಗಡೆಯ ಕಾಲದಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ಏರಿ ಬರುತ್ತಿದ್ದ ಆ ವರ್ಷಗಳು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮನೆಗಳ ತೊಲೆ, ಕಂಬ, ಬಾಗಿಲ ಚೌಕಟ್ಟುಗಳನ್ನು ಸಹ ಕಿತ್ತು ಜನ ನವನಗರಕ್ಕೆ ಸಾಗಿಸುತ್ತಿದ್ದರು. ನಮ್ಮ ಸೋದರತ್ತೆಯ ಮನೆಯೂ ನೀರಿನ ಗೆರೆಯೊಳಗೆ ಇತ್ತು. ಅವರ ಸಾಮಾನು ಹೊರಲು ಹೋದ ಗಾಡಿ, ಅಕ್ಕಪಕ್ಕದವರು ಕೇಳಿದರೆಂದು ಹದಿನೈದು ದಿನ ಅಲ್ಲೇ ಉಳಿಯಿತು. ದಿನಕ್ಕೆ ಎಷ್ಟು ಖೇಪು ಹೊಡೆದೆವೋ ಲೆಕ್ಕವಿಲ್ಲ. ಬೀಸುವ ಕಲ್ಲು, ಹಗೇವಿನ ಮುಚ್ಚಳ, ದೇವರ ಜಗಲಿಯ ಕಲ್ಲು, ಒಂದು ಮನೆಯವರದಂತೂ ಬೇರುಸಹಿತ ತುಳಸಿ. ಅಂಥ ಗಡಿಬಿಡಿಯಲ್ಲಿ ಒಂದು ದಿನ ಪೆಟ್ರೋಲ್ ಹಾಕಿಸಿ, ಬೂಚನ್ನು ಮಡ್‌ಗಾರ್ಡಿನ ಮೇಲೆ ಇಟ್ಟು, ಮರೆತು ಹೊರಟುಬಿಟ್ಟೆವು. ಊರೇ ಮುಳುಗುವ ಹೊತ್ತಿನಲ್ಲಿ ಬೂಚನ್ನು ಯಾರು ಹುಡುಕಬೇಕು? ಚಾಲಕ ಒಂದು ಹಳೆಯ ಅರಿವೆಯನ್ನು ಉಂಡೆ ಮಾಡಿ ಟಾಕಿಯ ಬಾಯಿಗೆ ತುರುಕಿದ. ನಮ್ಮ ಕಡೆಯ ಎಷ್ಟೋ ಗಾಡಿಗಳ ಬಾಯಲ್ಲಿ ಇವತ್ತಿಗೂ ಅದೇ ಅರಿವೆ ಇದೆ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ, ಸುತ್ತ ಸುತಳಿ.

ಆ ಅರಿವೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದು ದೀಪದ ಬತ್ತಿ ಇದ್ದ ಹಾಗೆ. ಎಣ್ಣೆಯನ್ನು ಕೆಳಗಿನಿಂದ ಹೀರಿ ಮೇಲಕ್ಕೆ ತರುತ್ತದೆ. ಗಾಡಿ ಕುಲುಕಿದಷ್ಟೂ ಇನ್ನಷ್ಟು ನೆನೆಯುತ್ತದೆ. ಹೊರಮೈಯಿಂದ ಪೆಟ್ರೋಲು ಆವಿಯಾಗುತ್ತಲೇ ಇರುತ್ತದೆ, ಆ ಆವಿ ಗಾಳಿಗಿಂತ ಭಾರ, ಕೆಳಗಿಳಿದು ಗಾಡಿಯ ಸುತ್ತಲೇ ಹರಡುತ್ತದೆ. ಒಂದು ಕಿಡಿ ಸಾಕು. ಬೆಂಕಿ ತಪ್ಪಿತು ಅಂತಿಟ್ಟುಕೊಳ್ಳಿ, ಎರೆಯ ದೂಳು ತಪ್ಪುವುದಿಲ್ಲ. ಬಾಗಲಕೋಟೆ ಹುನಗುಂದದ ಎರೆ ಮಣ್ಣು ಬೇಸಿಗೆಯಲ್ಲಿ ಹಿಟ್ಟಿನಂತೆ ಏಳುತ್ತದೆ. ಆ ದೂಳು, ಅರಿವೆಯ ಎಳೆ, ಮಳೆಯ ಹನಿ ಎಲ್ಲವೂ ಟಾಕಿಯ ತಳ ಸೇರುತ್ತವೆ. ನಮ್ಮ ಗಾಡಿಯ ಕಾರ್ಬೊರೇಟರಿನ ಜೆಟ್ಟಿನಲ್ಲಿ ಕೂದಲಿನಂಥ ಒಂದು ಎಳೆ ಸಿಕ್ಕಾಗ ಅದರ ಬಣ್ಣ ನೋಡಿದೆ: ಆ ಅರಿವೆಯದೇ.

ಇನ್ನೊಂದು ಮಾತು. ವಿಲ್ಲಿಸ್ ಜೀಪುಗಳಲ್ಲಿ ಟಾಕಿ ಇರುವುದು ಚಾಲಕನ ಆಸನದ ಕೆಳಗೇ. ಅಮೆರಿಕದ ಹಳೆಯ ಷೆವ್ರೊಲೆ ಪಿಕಪ್ಪುಗಳಲ್ಲೂ 1972ರವರೆಗೆ ಟಾಕಿ ಕ್ಯಾಬಿನ್ನಿನ ಒಳಗೆ, ಆಸನದ ಬೆನ್ನ ಹಿಂದೆ ಇರುತ್ತಿತ್ತು. ಇಂಥ ಗಾಡಿಗಳಲ್ಲಿ ಬೂಚು ಸರಿಯಿಲ್ಲವೆಂದರೆ ವಾಸನೆಯನ್ನು ಕುಡಿಯುವವನು, ಮೊದಲು ಸುಡುವವನು, ಚಾಲಕನೇ.

ಅರಿವೆ ತೆಗೆಸಬೇಕೆಂದು ತಂದೆ ಹೊಸ ಬೂಚು ತರಿಸಿದರು. ಬೀಗದ ಬೂಚು, ಕೀಲಿ ಹಾಕುವಂಥದ್ದು. ಎಣ್ಣೆ ಕಳವು ಆ ಕಾಲದಲ್ಲಿ ಬಹಳವಿತ್ತು, ಅದಕ್ಕೆ ಎಲ್ಲರೂ ಬೀಗದ್ದನ್ನೇ ಕೇಳುತ್ತಿದ್ದರು. ಅಂಗಡಿಯವರು ಬಾಯಿಗೆ ಹಿಡಿಯಿತೋ ಇಲ್ಲವೋ ನೋಡಿದರು, ಹಿಡಿಯಿತು, ಕೊಟ್ಟರು. ಬಿಗಿಯಾಗಿ ಕೂತಿತು. ತಂದೆಗೆ ಸಮಾಧಾನವಾಯಿತು.

ಮುಂದೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಬಂತು. ನಮ್ಮ ಬಂಧುಗಳು ಅಲ್ಲಿ ಸೀರೆಯ ಅಂಗಡಿ ಹಾಕುತ್ತಿದ್ದರು, ಗಂಟುಗಳನ್ನು ಮುಟ್ಟಿಸುವುದು ನಮ್ಮ ಪಾಲಿನ ಕೆಲಸ. ಇಳಕಲ್ಲಿನಲ್ಲೇ ಟಾಕಿ ತುಂಬಿಸಿ, ಬೂಚು ತಿರುವಿ, ಕೀಲಿ ಜೇಬಿಗೆ ಹಾಕಿಕೊಂಡು ಹೊರಟೆವು. ಹುನಗುಂದ ದಾಟಲಿಲ್ಲ, ಎಂಜಿನ್ ಕೆಮ್ಮಿತು, ಎರಡು ಸಲ ಜಗ್ಗಿತು, ನಿಂತಿತು. ಬಾನೆಟ್ಟು ಎತ್ತಿ, ಪಂಪಿನ ಗಾಜಿನ ಬಟ್ಟಲು ತೊಳೆದು, ಕಾರ್ಬೊರೇಟರು ಊದಿ ಹತ್ತು ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಚಾಲೂ ಆಯಿತು. ಅಮೀನಗಡದಲ್ಲಿ ಮತ್ತೆ ನಿಂತಿತು. ಐಹೊಳೆ ದಾಟಿ ಪಟ್ಟದಕಲ್ಲಿನ ದಾರಿಯಲ್ಲಿ ಮತ್ತೆ. ಚಾಲಕನ ಅನುಮಾನ ಪೆಟ್ರೋಲಿನ ಮೇಲೆ. "ತುಂಬಿಸಿದ ಮ್ಯಾಲೇ ಕಾಟ ಸುರುವಾಗೇದಲ್ರೀ, ಎಣ್ಣಿಯೊಳಗ ಏನೋ ಬೆರಸ್ಯಾರ" ಅಂದ. ನಾವೂ ನಂಬಿದೆವು. ಪೆಟ್ರೋಲ್ ಹಾಕಿದವರನ್ನು ದಾರಿಯುದ್ದಕ್ಕೂ ಬೈದೆವು. ಆ ಮಾತಿಗಾಗಿ ನನಗೆ ಇಂದಿಗೂ ಖೇದವಿದೆ.

ಬಾದಾಮಿಗೆ ಸೇರಿದಾಗ ಕತ್ತಲಾಗಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ, ಕಂದೀಲಿನ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಕಥೆಯನ್ನೆಲ್ಲ ಕೇಳಿದ. ಬಾನೆಟ್ಟಿನ ಕಡೆ ಹೋಗಲೇ ಇಲ್ಲ. ಟಾಕಿಯ ಹತ್ತಿರ ಬಂದು, "ಕೀಲಿ ಕೊಡ್ರಿ" ಅಂದು, ಬೂಚನ್ನು ನಿಧಾನಕ್ಕೆ ಸಡಿಲಿಸಿದ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿತು. ಅದರ ಹಿಂದೆಯೇ ಟಾಕಿಯ ತಗಡು ಡಬ್ ಎಂದು ಹೊರಕ್ಕೆ ಉಬ್ಬಿತು. ಬೂಚನ್ನು ತಿರುಗಿಸಿ ಕಂದೀಲಿಗೆ ಹಿಡಿದು ನೋಡಿ ಒಂದೇ ಮಾತು ಹೇಳಿದ: "ಇದಕ್ಕ ಮೂಗು ಇಲ್ಲಲ್ರೀ."

ಆ ಮಾತಿನ ಪೂರ್ತಿ ಅರ್ಥ ನನಗೆ ಆಮೇಲೆ ಒಂದೊಂದೇ ಆಗಿ ಬಿಡಿಸಿಕೊಂಡಿತು. ಟಾಕಿಯಿಂದ ಒಂದು ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಹೋದರೆ ಆ ಜಾಗಕ್ಕೆ ಒಂದು ಲೀಟರ್ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟಾಕಿಯೊಳಗೆ ಸೆಳೆತ ಹುಟ್ಟುತ್ತದೆ. ಇಂಥ ಜೀಪುಗಳ ಪಂಪಿನಲ್ಲಿರುವುದು ಒಂದು ಬಟ್ಟೆ ರಬ್ಬರಿನ ಪದರ, ಅದು ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎಳೆಯಬೇಕು. ಪಂಪು ಈ ಕಡೆಗೆ ಎಳೆಯುತ್ತದೆ, ಟಾಕಿಯ ಸೆಳೆತ ಆ ಕಡೆಗೆ ಎಳೆಯುತ್ತದೆ. ಕೊನೆಗೆ ಪಂಪು ಸೋಲುತ್ತದೆ. ಗಾಡಿ ನಿಂತ ಮೇಲೆ ಬೂಚಿನ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಗಾಳಿ ಜಿನುಗಿ ಒಳಸೇರುತ್ತದೆ, ಸೆಳೆತ ಕಡಿಮೆಯಾಗುತ್ತದೆ, ಮತ್ತೆ ಚಾಲೂ ಆಗುತ್ತದೆ. ಬಟ್ಟಲು ತೊಳೆದದ್ದರಿಂದ, ಕಾರ್ಬೊರೇಟರು ಊದಿದ್ದರಿಂದ ಆಯಿತು ಎಂದು ನಾವು ತಿಳಿದಿದ್ದೆವು. ಕೆಲಸ ಮಾಡಿದ್ದು ಬರೀ ಕಾದ ಆ ಹತ್ತು ಹದಿನೈದು ನಿಮಿಷ.

ಟಾಕಿ ತುಂಬಿದಾಗಲೇ ಯಾಕೆ ಕಾಟ? ಇದು ನನಗೆ ಬಹಳ ಹಿಡಿಸಿದ ಲೆಕ್ಕ, ಸ್ವಲ್ಪ ಕಿವಿಗೊಟ್ಟು ಕೇಳಿ. ಜೀಪಿನ ಟಾಕಿ ಸುಮಾರು 40 ಲೀಟರಿನದು. ಅರ್ಧ ಖಾಲಿಯಿದ್ದರೆ ಒಳಗೆ 20 ಲೀಟರ್ ಗಾಳಿ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಹೋದರೆ ಆ ಗಾಳಿ 21 ಲೀಟರಿನ ಜಾಗಕ್ಕೆ ಹಿಗ್ಗುತ್ತದೆ, ಒತ್ತಡ ಇಳಿಯುವುದು ಇಪ್ಪತ್ತೊಂದರಲ್ಲಿ ಒಂದು ಪಾಲು ಅಷ್ಟೇ. ಆದರೆ ಕಂಠಮಟ ತುಂಬಿಸಿದ್ದೀರಿ, ಒಳಗೆ ಒಂದೇ ಲೀಟರ್ ಗಾಳಿ ಉಳಿದಿದೆ ಅನ್ನಿ. ಈಗ ಒಂದು ಲೀಟರ್ ಪೆಟ್ರೋಲ್ ಹೋದರೆ ಗಾಳಿಯ ಒತ್ತಡ ಅರ್ಧಕ್ಕೆ ಇಳಿಯಬೇಕಾಗುತ್ತದೆ. ಪೆಟ್ರೋಲಿನ ಆವಿ ಎದ್ದು ಅದರಲ್ಲಿ ಸ್ವಲ್ಪವನ್ನು ತುಂಬುತ್ತದೆ ನಿಜ, ಆದರೂ ಸೆಳೆತ ಭಾರಿಯಾಗಿಯೇ ಇರುತ್ತದೆ. ಹೀಗಾಗಿ ಮೂಗಿಲ್ಲದ ಬೂಚು ತುಂಬಿದ ಟಾಕಿಯಲ್ಲೇ ಹೆಚ್ಚು ಕಾಡುತ್ತದೆ, ನಾವು ಹೋಗಿ ಪೆಟ್ರೋಲ್ ಹಾಕಿದವನನ್ನು ಬೈಯುತ್ತೇವೆ.

ಹಾಗಾದರೆ ತೂತು ಇದ್ದರೆ ಆಯಿತಲ್ಲ ಅನ್ನಬಹುದು. ಆ ರಾತ್ರಿ ಮಿಸ್ತ್ರಿ ನಮ್ಮನ್ನು ಸಾಗಹಾಕಲು ಮಾಡಿದ್ದೂ ಅಷ್ಟೇ: ಬೂಚನ್ನು ಗಾಡಿಯಿಂದ ದೂರ ಒಯ್ದು, ನಡುವೆ ಸಣ್ಣ ತೂತು ಕೊರೆದುಕೊಟ್ಟ. ಜಾತ್ರೆ ಮುಟ್ಟಿದೆವು. ಗಂಟು ಇಳಿಸುವಾಗ ದೂರದ ನಾಟಕದ ತಂಬುವಿನಿಂದ ಹಾರ್ಮೋನಿಯಂ ಕೇಳುತ್ತಿತ್ತು. ಆದರೆ ನೇರ ಕೊರೆದ ತೂತು ಪೂರ್ತಿ ಪರಿಹಾರವಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಅದರಿಂದಲೇ ಪೆಟ್ರೋಲ್ ಒಸರುತ್ತದೆ, ಮಳೆಯಲ್ಲಿ ಅದರಿಂದಲೇ ನೀರು ಇಳಿಯುತ್ತದೆ. ಒಳ್ಳೆಯ ಬೂಚಿನಲ್ಲಿ ಉಸಿರಿನ ದಾರಿ ನೇರ ಇರುವುದಿಲ್ಲ. ಎರಡು ತಗಡುಗಳ ನಡುವೆ ಸುತ್ತಿ ಬಳಸಿ ಹೋಗುತ್ತದೆ, ಹಳೆಯ ವಾಡೆಯ ಬಾಗಿಲು ದಾಟಿ ಪಡಸಾಲೆಗೆ ತಿರುಗಿ ಹೋಗುವ ಹಾಗೆ. ಗಾಳಿ ತಿರುಗುತ್ತದೆ, ಚಿಮ್ಮಿದ ಪೆಟ್ರೋಲು ತಿರುಗಲಾರದೆ ಕೆಳಗೇ ಬೀಳುತ್ತದೆ. ಕೆಲವದರಲ್ಲಿ ಸಣ್ಣ ಸ್ಪ್ರಿಂಗಿನ ಕವಾಟಗಳಿರುತ್ತವೆ: ಒಂದು ಒಳಗೆ ಗಾಳಿ ಬಿಡಲು, ಇನ್ನೊಂದು ಒತ್ತಡ ಮಿತಿ ಮೀರಿದಾಗ ಹೊರಗೆ ಬಿಡಲು.

ಹೊರಗೆ ಬಿಡುವುದೂ ನಮ್ಮ ಬಿಸಿಲಿನ ಸೀಮೆಯಲ್ಲಿ ಅಷ್ಟೇ ಮುಖ್ಯ. ಪೆಟ್ರೋಲು ಕಾದಂತೆಲ್ಲ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿಸಿದ 40 ಲೀಟರ್, ಮಧ್ಯಾಹ್ನ 20 ಡಿಗ್ರಿ ಹೆಚ್ಚು ಕಾದರೆ ಮುಕ್ಕಾಲು ಲೀಟರಿನಷ್ಟು ಬೆಳೆಯುತ್ತದೆ. ಆವಿಯೂ ಸೇರುತ್ತದೆ. ಹೊರಗೆ ದಾರಿ ಇಲ್ಲದಿದ್ದರೆ ಆ ಒತ್ತಡ ಪೆಟ್ರೋಲನ್ನು ಪೈಪಿನಲ್ಲಿ ದಬ್ಬಿ ಕಾರ್ಬೊರೇಟರಿನ ಸೂಜಿಯನ್ನೂ ಎತ್ತಿಬಿಡುತ್ತದೆ. ಮಧ್ಯಾಹ್ನ ನಿಲ್ಲಿಸಿದ ಗಾಡಿ ಸಂಜೆ ಚಾಲೂ ಆಗದೆ, ಬಾನೆಟ್ಟಿನ ಕೆಳಗೆ ಬರೀ ಪೆಟ್ರೋಲಿನ ವಾಸನೆ ಬಂದರೆ, ಒಮ್ಮೆ ಬೂಚನ್ನು ನೋಡಿ. ಕಂಠಮಟ ತುಂಬಿಸುವ ಆಸೆಯನ್ನೂ ಬಿಡಿ.

ಈಗ ಆರಿಸುವ ಮಾತು. ಹೊಸ ಕಾರಿನ ಬೂಚು ಬಾಯಿಗೆ ಕೂತರೂ ಹಳೆಯ ಗಾಡಿಗೆ ಅದು ಸಲ್ಲದು. ಹೊಸ ಪೆಟ್ರೋಲ್ ಗಾಡಿಗಳಲ್ಲಿ ಟಾಕಿಯ ಆವಿಯನ್ನು ಇದ್ದಿಲಿನ ಡಬ್ಬಿಯೊಂದು ಹೀರಿಕೊಂಡು ಮತ್ತೆ ಎಂಜಿನ್ನಿಗೆ ಕೊಡುತ್ತದೆ. ಅಮೆರಿಕದಲ್ಲಿ ಮೊದಲು ಕ್ಯಾಲಿಫೋರ್ನಿಯ, ಆಮೇಲೆ 1971ರ ಮಾದರಿಗಳಿಂದ ಇಡೀ ದೇಶ ಈ ಪದ್ಧತಿಗೆ ಹೋಯಿತು. ನಮ್ಮಲ್ಲಿ ಬಹಳ ತಡವಾಗಿ ಬಂತು. ಅಂಥ ಗಾಡಿ ಉಸಿರಾಡುವುದು ಆ ಡಬ್ಬಿಯ ಮೂಲಕ, ಬೂಚು ಮುಚ್ಚಿಕೊಂಡೇ ಇರಬೇಕು. ಡಬ್ಬಿಯಿಲ್ಲದ ಹಳೆಯ ಗಾಡಿಗೆ ಬೂಚೇ ಮೂಗು. ಆದ್ದರಿಂದ ಕೊಳ್ಳುವ ಮುನ್ನ ಟಾಕಿಯ ನೆತ್ತಿಯ ಮೇಲೆ ಕೈಯಾಡಿಸಿ ನೋಡಿ, ಬೇರೆ ಸಣ್ಣ ನಳಿಕೆಯೇನಾದರೂ ಮೇಲಕ್ಕೆ ಹೋಗಿದೆಯೇ ಎಂದು. ಇಲ್ಲವಾದರೆ ಉಸಿರಾಡುವ ಬೂಚೇ ಬೇಕು. ಡೀಸೆಲ್ ಗಾಡಿಯವರು ಇದು ತಮಗಲ್ಲವೆಂದು ತಿಳಿಯಬೇಡಿ. 1986ರ ಟಾಟಾ 407 ಇರಲಿ, 1988ರಲ್ಲಿ ಬಂದ ಟಾಟಾ ಮೊಬೈಲ್ ಪಿಕಪ್ ಇರಲಿ, ಖರ್ಚಾದ ಎಣ್ಣೆಯ ಜಾಗಕ್ಕೆ ಗಾಳಿ ಅಲ್ಲಿಯೂ ಬೇಕು.

ಪರೀಕ್ಷೆ ಸುಲಭ. ಹೊಸ, ಇನ್ನೂ ಪೆಟ್ರೋಲ್ ಮುಟ್ಟದ ಬೂಚನ್ನು ಒರೆಸಿ, ಒಳಗಡೆಯ ತೂತಿಗೆ ತೆಳುವಾದ ಪೈಪಿನ ತುಂಡು ಇಟ್ಟು ಊದಿ, ಹೀರಿಯೂ ನೋಡಿ. ಗಾಳಿ ಎರಡೂ ದಿಕ್ಕಿಗೆ ಆಡಬೇಕು. ಸ್ಪ್ರಿಂಗಿನದಾದರೆ ಸ್ವಲ್ಪ ಬಿಗಿಯಾಗಿ ಆಡುತ್ತದೆ. ಅಂಗಡಿಯವರು ಬೇಸರ ಮಾಡಿಕೊಂಡರೂ ಊದದೆ ತರಬೇಡಿ.

ಅಳತೆಯಲ್ಲಿ ಜನ ತಪ್ಪುವುದು ಬಾಯಿಯ ಅಗಲವೊಂದನ್ನೇ ನೋಡುವುದರಿಂದ. ಹಳೆಯ ಗಾಡಿಗಳ ಬಾಯಿ ಹೆಚ್ಚಾಗಿ ಕಾಲು ಸುತ್ತಿನದು: ಬೂಚಿನ ಎರಡು ನಾಲಿಗೆಗಳು ಬಾಯಿಯ ಕಚ್ಚಿನಲ್ಲಿ ಇಳಿದು, ಕಾಲು ಸುತ್ತು ತಿರುಗಿ, ಒಳಗಿನ ಇಳಿಜಾರನ್ನು ಹಿಡಿದುಕೊಳ್ಳುತ್ತವೆ. ಇಲ್ಲಿ ನಿಜವಾದ ಅಳತೆ ಎಂದರೆ ಬಾಯಿಯ ತುಟಿಯ ಮೇಲ್ಮೈಯಿಂದ ಆ ಹಿಡಿತದವರೆಗಿನ ಆಳ. ನಾಲಿಗೆ ಅದಕ್ಕಿಂತ ಗಿಡ್ಡವಿದ್ದರೆ ಬೂಚು ತಿರುಗುವುದೇ ಇಲ್ಲ, ಉದ್ದವಿದ್ದರೆ ತಿರುಗುತ್ತದೆ ಆದರೆ ತುಟಿಯ ಮೇಲೆ ಕೂರುವ ವಾಯ್ಸರನ್ನು ಒತ್ತುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯ, ಯಾಕೆಂದರೆ ಕೂತ ಹಾಗೆ ಕಾಣುತ್ತದೆ. ನಮ್ಮ ನೇಕಾರರು ಸೀರೆಯ ಮೈಯ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಕೊಂಡಿ ಹಾಕುವುದನ್ನು ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಹತ್ತಿಯ ಮೈ, ರೇಷ್ಮೆಯ ಸೆರಗು, ಎರಡೂ ಬೇರೆ. ಒಂದೊಂದು ಕೊಂಡಿಯೂ ಎಳೆಗೆ ಎಳೆ ಕೂಡಬೇಕು. ದೂರದಿಂದ ಕೂಡಿದಂತೆ ಕಂಡರೆ ಸಾಲದು, ಒಂದು ಜಗ್ಗಿಗೇ ಬಿಟ್ಟುಕೊಳ್ಳುತ್ತದೆ. ನಾನಂತೂ ಪೇಟೆಗೆ ಹೋಗುವಾಗ ಹಳೆಯ ಬೂಚು ಇಲ್ಲದಿದ್ದರೆ ಬಾಯಿಯ ಒಳಸುತ್ತು, ಹೊರಸುತ್ತು, ಕಚ್ಚಿನ ಅಗಲ, ಹಿಡಿತದ ಆಳ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ.

ಹೊಳೆಯುವ ಕ್ರೋಮಿನದೋ, ಬಣ್ಣ ಬಳಿದ ಉಕ್ಕಿನದೋ ಎಂದು ಕೇಳುವವರಿದ್ದಾರೆ. ಸಾದಾ ಉಕ್ಕಿನದು ನನಗೆ ಇಷ್ಟ. ಗಾಡಿ ಯಾವ ಕಾಲದ್ದೋ ಬೂಚೂ ಆ ಕಾಲದ್ದಾಗಿ ಕಾಣಬೇಕು. 2021ರಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು ನಿಯಮ ತಂದಾಗಲೂ ಮೂಲರೂಪ ಉಳಿದಿರಬೇಕು ಎಂದೇ ಹೇಳಿತು.

ವಾಯ್ಸರಿನ ಮಾತು ಹೇಳದೆ ಮುಗಿಸಲಾರೆ, ಯಾಕೆಂದರೆ ಅದರಲ್ಲಿ ನಮ್ಮ ಜಿಲ್ಲೆಯ ಪಾಲಿದೆ. ಮೊದಲು ಬೂಚುಗಳಿಗೆ ಕಾರ್ಕಿನ ವಾಯ್ಸರು ಇರುತ್ತಿತ್ತು, ಒಣಗಿದರೆ ಪುಡಿಯಾಗುತ್ತಿತ್ತು. ಚಕ್ರದ ಟ್ಯೂಬು ಕತ್ತರಿಸಿ ಹಾಕುವವರಿದ್ದಾರೆ. ಅದು ಪೆಟ್ರೋಲಿನಲ್ಲಿ ನೆನೆದು ಉಬ್ಬಿ, ಹಪ್ಪಳದಂತೆ ಸೊಟ್ಟಗಾಗುತ್ತದೆ. ನೈಟ್ರೈಲ್ ರಬ್ಬರಿನದು ಪೆಟ್ರೋಲಿಗೆ ತಡೆಯುತ್ತದೆ. ಆದರೆ ಈಗಿನ ಪೆಟ್ರೋಲು ಹಳೆಯ ಪೆಟ್ರೋಲಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತದ್ದು, ಈಗ ಪಂಪುಗಳಲ್ಲೆಲ್ಲ ಬಂದಿದೆ. ಆ ಎಥನಾಲಿನಲ್ಲಿ ಮುಧೋಳ, ಜಮಖಂಡಿ ಸೀಮೆಯ ನಮ್ಮ ಕಬ್ಬೂ ಇದೆ. ರೈತನಿಗೆ ಅದರಿಂದ ಅನುಕೂಲವಾದರೆ ಸಂತೋಷವೇ. ಆದರೆ ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ಮೀರಿತೆಂದರೆ ಎಥನಾಲೂ ನೀರೂ ಕೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದು ಆ ತಳದ್ದನ್ನೇ. ಹಿಂದೆ ಬೂಚಿನಿಂದ ಇಳಿದ ನಾಲ್ಕು ಹನಿ ನೀರು ಬಟ್ಟಲಿನಲ್ಲಿ ನಿಲ್ಲುತ್ತಿತ್ತು, ತೊಳೆದರೆ ಮುಗಿಯಿತು. ಈಗ ಹಾಗಲ್ಲ. ಅದಕ್ಕೆ ವೈಟಾನ್ ಎಂಬ ರಬ್ಬರಿನ ವಾಯ್ಸರನ್ನೇ ಹಾಕಿಸಿ. ಬೆಲೆ ಹೆಚ್ಚು, ಆದರೆ ಎಥನಾಲಿಗೆ ಜಗ್ಗುವುದಿಲ್ಲ.

ಹೋದ ವರ್ಷ ನಾನು ಗಾಡಿಗೆ ಮತ್ತೆ ಸರಿಯಾದ ಬೂಚು ಕೂಡಿಸಿದೆ. ಉಸಿರು ಆಡುವ, ಕಾಲು ಸುತ್ತಿನ, ಸಾದಾ ಉಕ್ಕಿನದು. ಕೂಡಿಸುವ ಮೊದಲು ಬಾಯಿಯ ತುಟಿಗೆ ಸೀಮೆಸುಣ್ಣ ಸವರಿ, ಬೂಚು ತಿರುವಿ ತೆಗೆದು ನೋಡಿದೆ. ವಾಯ್ಸರಿನ ಮೇಲೆ ಬಿಳಿಯ ಬಳೆ ಪೂರ್ತಿ ಮೂಡಬೇಕು. ಮೂಡಲಿಲ್ಲ, ಒಂದು ಕಡೆ ಎರಡು ಬೆರಳಿನಷ್ಟು ಖಾಲಿ. ಅಷ್ಟು ವರ್ಷ ಪೆಟ್ರೋಲ್ ಪಂಪಿನವರ ನಳಿಕೆ ಬಡಿದು ತುಟಿ ತಗ್ಗಾಗಿತ್ತು. ಇಂಥ ಹೊತ್ತಿನಲ್ಲಿ ಕೈ ತಡೆಯಬೇಕು. ಟಾಕಿ ಗಾಡಿಯ ಮೇಲಿರುವಾಗ ಅರ ಉಜ್ಜುವುದು, ಗ್ರೈಂಡರ್ ಹಿಡಿಯುವುದು, ಕಾಸುವುದು, ಯಾವುದೂ ಸಲ್ಲ. ಪೆಟ್ರೋಲು ಬಸಿದ ಟಾಕಿ ಖಾಲಿ ಎಂದು ತಿಳಿಯಬೇಡಿ. ತುಂಬಿದ ಟಾಕಿಗಿಂತ ಆವಿ ತುಂಬಿದ ಆ ಖಾಲಿ ಟಾಕಿಯೇ ಸಿಡಿಯುವುದು. ನಾನು ಟಾಕಿ ಇಳಿಸಿ, ಬಸಿದು, ಸೋಪಿನ ನೀರಿನಿಂದ ಮತ್ತೆ ಮತ್ತೆ ತೊಳೆದು, ಬಿಸಿಲಿಗೆ ಒಣಗಲು ಬಿಟ್ಟು, ಆಮೇಲೆ ಬಾಯಿಯೊಳಗೆ ಮರದ ಗುಂಡು ತುಂಡನ್ನು ಇಟ್ಟು, ಮರದ ಕೊಡತಿಯಿಂದ ಹಗುರಾಗಿ ಬಡಿದು ತುಟಿಯನ್ನು ಸಮಕ್ಕೆ ತಂದೆ. ಒಂದು ಇಡೀ ಭಾನುವಾರ ಹೋಯಿತು. ಸಂಜೆಗೆ ಬಿಳಿಯ ಬಳೆ ಪೂರ್ತಿ ಮೂಡಿತು. ಬೂಚಿಗೆ ಒಂದು ಸಣ್ಣ ಸರಪಳಿ ಹಾಕಿ ಗಾಡಿಯ ಮೈಗೆ ಕೂಡಿಸಿದೆ. ಮಡ್‌ಗಾರ್ಡಿನ ಮೇಲೆ ಇಡುವ ಪ್ರಸಂಗ ಇನ್ನು ಬರಲಾರದು.

ಆಮೇಲೆ ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಎಂದು ಅದೇ ಹಳೆಯ ದಾರಿ ಹಿಡಿದೆ. ಬೇಕೆಂದೇ ಟಾಕಿ ತುಂಬಿಸಿ ಹೊರಟಿದ್ದೆ, ಕಂಠಕ್ಕೆ ನಾಲ್ಕು ಬೆರಳು ಬಿಟ್ಟು. ಎಲ್ಲಿಯೂ ನಿಲ್ಲಲಿಲ್ಲ. ಬಾದಾಮಿಯಲ್ಲಿ ಆ ಓಣಿ ಹುಡುಕಿದೆ. ಮಿಸ್ತ್ರಿಯ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಬಟ್ಟೆಯ ಅಂಗಡಿ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಬೂಚನ್ನು ಒಂದಿಷ್ಟು ಸಡಿಲಿಸಿ ಕಿವಿಗೊಟ್ಟೆ. ಯಾವ ಸದ್ದೂ ಬರಲಿಲ್ಲ.

ತಿರುಗಿ ಬರುವಾಗ ಕಮತಗಿಯ ಹತ್ತಿರ ದೊಡ್ಡ ಮಳೆ ಹಿಡಿಯಿತು, ಇಳಕಲ್ಲು ಮುಟ್ಟುವವರೆಗೂ ಬಿಡಲಿಲ್ಲ. ಗಾಡಿ ರಾತ್ರಿಯಿಡೀ ಬೇವಿನ ಗಿಡದ ಕೆಳಗೆ ನೆನೆಯಿತು. ಬೆಳಿಗ್ಗೆ ಎದ್ದವನೇ ಬಾನೆಟ್ಟು ಎತ್ತಿ, ಪಂಪಿನ ಗಾಜಿನ ಬಟ್ಟಲನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ತಳದಲ್ಲಿ ನೀರಿರಲಿಲ್ಲ.